‘ಒಂದೆರಡು ಕಡೆ ಮಳೆ’ ಅಂದರೆ ನಮ್ಮ ತೋಟಕ್ಕೂ ಬರುತ್ತಾ? ಬರದ ಬೇಸಿಗೆಯಲ್ಲಿ ಹವಾಮಾನ ಮುನ್ಸೂಚನೆ ಓದುವ ಬಗೆ

2024ರ ಏಪ್ರಿಲ್‌ನಲ್ಲಿ ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ. ಗುಬ್ಬಿ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ತೋಟ ಇದೆ. ಹಿಂದಿನ ವರ್ಷ ಹಾಕಿದ ಅಡಿಕೆ ಸಸಿಗಳು ಇನ್ನೂ ಮೊಣಕಾಲೆತ್ತರ ಇದ್ದವು. ಬೋರ್‌ವೆಲ್ ಅರ್ಧ ಗಂಟೆ ನೀರು ಕೊಟ್ಟು, ಆಮೇಲೆ ಗಾಳಿ ಉಗುಳುತ್ತಿತ್ತು. ಫೋನ್ ತೆರೆದರೆ ಮುಂದಿನ ಹತ್ತು ದಿನದಲ್ಲಿ ಐದು ದಿನ ಮೋಡದ ಚಿತ್ರ, ಅದರ ಕೆಳಗೆ ಎರಡು ಹನಿ. ‘ಇನ್ನೇನು ಬಂತಲ್ಲ’ ಅಂದುಕೊಂಡು ಟ್ಯಾಂಕರ್‌ಗೆ ಹೇಳುವುದನ್ನು ಮುಂದೂಡಿದೆ. ಸೋಮವಾರ ನೋಡಿದರೆ ಶುಕ್ರವಾರ ಮಳೆ. ಶುಕ್ರವಾರ ನೋಡಿದರೆ ಮುಂದಿನ ಮಂಗಳವಾರ ಮಳೆ. ಹೀಗೇ ಆ ಎರಡು ಹನಿಗಳು ಮುಂದೆ ಮುಂದೆ ಸರಿಯುತ್ತಾ ಹೋದವು. ತಿಂಗಳ ಕೊನೆಗೆ ನೂರೈವತ್ತು ಸಸಿಗಳಲ್ಲಿ ನಲವತ್ತೆರಡು ಒಣಗಿದ್ದವು.

ಆ ಏಪ್ರಿಲ್‌ನಲ್ಲಿ ಬೆಂಗಳೂರು ನಗರದ ಹವಾಮಾನ ಕೇಂದ್ರದಲ್ಲೂ ಅಳೆಯುವಷ್ಟು ಮಳೆ ದಾಖಲಾಗಲಿಲ್ಲ. 1983ರ ನಂತರ ಅಂಥ ಏಪ್ರಿಲ್ ಅದೇ ಮೊದಲು. 28ನೇ ತಾರೀಕು ಅಲ್ಲಿ ಉಷ್ಣಾಂಶ 38.5 ಡಿಗ್ರಿ ಮುಟ್ಟಿತ್ತು.

ಆಗ ಆ್ಯಪ್‌ಗೆ ಚೆನ್ನಾಗಿ ಬೈದೆ. ಆಮೇಲೆ ಕೂತು ಯೋಚಿಸಿದರೆ, ಹತ್ತು ದಿನ ಆಚೆಯ ಚಿತ್ರ ನೋಡಿ ಇವತ್ತಿನ ನೀರಿನ ತೀರ್ಮಾನ ತೆಗೆದುಕೊಂಡವನು ನಾನೇ. ಮುನ್ಸೂಚನೆಯಲ್ಲಿ ನಾಲ್ಕೈದು ಬಗೆ ಇದೆ, ಒಂದೊಂದು ಒಂದೊಂದು ಕೆಲಸಕ್ಕೆ. ಹಾರೆ ಹಿಡಿಯುವ ಕಡೆ ಕುಡುಗೋಲು ಹಿಡಿದರೆ ಆಗಲ್ಲ ಅಲ್ವಾ? ಆ ವರ್ಷದಿಂದ ನಾನು ಕಲಿತ ಕ್ರಮ ಇಲ್ಲಿದೆ. ತೋಟ ಇದ್ದವರಿಗೂ ಆಗುತ್ತೆ, ಊರಲ್ಲಿ ಸಂಪು ನೋಡಿಕೊಂಡು ಬದುಕುವವರಿಗೂ ಆಗುತ್ತೆ.

ಮೊದಲು ನಿಮ್ಮ ಜಾಗ ಯಾವ ವಿಭಾಗದಲ್ಲಿದೆ ನೋಡಿಕೊಳ್ಳಿ

ಭಾರತೀಯ ಹವಾಮಾನ ಇಲಾಖೆ ಇಡೀ ದೇಶವನ್ನು 36 ಉಪವಿಭಾಗ ಮಾಡಿಕೊಂಡಿದೆ. ಕರ್ನಾಟಕಕ್ಕೆ ಅದರಲ್ಲಿ ಮೂರು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಟಿವಿಯಲ್ಲಿ ‘ದಕ್ಷಿಣ ಒಳನಾಡಿನಲ್ಲಿ ಮಳೆ ಸಾಧ್ಯತೆ’ ಅಂತ ಓಡುವ ಸಾಲು ಈ ಮೂರರಲ್ಲಿ ಒಂದರ ಬಗ್ಗೆ. ತೊಡಕು ಏನೆಂದರೆ ಕೊಡಗೂ ಚಿತ್ರದುರ್ಗವೂ ಅದೇ ದಕ್ಷಿಣ ಒಳನಾಡಿಗೆ ಸೇರುತ್ತವೆ. ಮಡಿಕೇರಿಯಲ್ಲಿ ಸುರಿದ ಮಳೆಗೂ ಹಿರಿಯೂರಿನ ಬಿಸಿಲಿಗೂ ಒಂದೇ ಸಾಲು.

ಆದ್ದರಿಂದ ಆ ಸಾಲು ಕೇಳಿ ಸಮಾಧಾನ ಪಟ್ಟುಕೊಳ್ಳಬೇಡಿ. ಅದರ ಕೆಳಗೆ ಜಿಲ್ಲೆ ಇದೆ, ಜಿಲ್ಲೆಯ ಕೆಳಗೆ ಹೋಬಳಿ ಇದೆ. ಹೋಬಳಿ ಮಟ್ಟಕ್ಕೆ ಇಳಿಯಬೇಕಾದರೆ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿ ನೋಡಬೇಕು. 1988ರಲ್ಲಿ ಬರ ಉಸ್ತುವಾರಿ ಘಟಕ ಅಂತ ಶುರುವಾದ ಸಂಸ್ಥೆ ಅದು. ಇವತ್ತು ಅವರ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಪಂಚಾಯಿತಿ ಕಟ್ಟಡದ ತಾರಸಿಯ ಮೇಲೋ ಶಾಲೆಯ ಅಂಗಳದಲ್ಲೋ ಸೋಲಾರ್ ಫಲಕ ಇರುವ ಬಿಳಿ ಡಬ್ಬ ಕಂಡಿದ್ದರೆ ಅದೇ. ಅವರ ‘ವರುಣ ಮಿತ್ರ’ ಸಹಾಯವಾಣಿಗೆ, 92433 45433, ಫೋನ್ ಮಾಡಿ ಊರಿನ ಹೆಸರು ಹೇಳಿದರೆ ಕನ್ನಡದಲ್ಲೇ ಉತ್ತರ ಸಿಗುತ್ತೆ. ಇಂಟರ್ನೆಟ್ ಬಾರದ ದೊಡ್ಡವರಿಗೆ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಯಾವ ಕೆಲಸಕ್ಕೆ ಯಾವ ಮುನ್ಸೂಚನೆ

ನಾನು ತಪ್ಪಿದ್ದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮುಂದಿನ ಮೂರು ಗಂಟೆಯ ಮುನ್ಸೂಚನೆ ರಾಡಾರ್ ಮತ್ತು ಉಪಗ್ರಹ ನೋಡಿ ಹೇಳುವುದು. ಮೋಡ ಎದ್ದಾಗಿದೆ, ಅದು ಯಾವ ಕಡೆ ಹೊರಟಿದೆ ಅನ್ನುವುದಷ್ಟೇ ಪ್ರಶ್ನೆ. ಹಾಗಾಗಿ ಇದನ್ನು ಜಾಸ್ತಿ ನಂಬಬಹುದು. ಕಣದಲ್ಲಿ ಹುಣಸೆಹಣ್ಣು ಹರಡಿದ್ದರೆ ಎತ್ತಿಡಲು, ಕೊಬ್ಬರಿ ಮುಚ್ಚಲು, ದನ ಕೊಟ್ಟಿಗೆಗೆ ಹೊಡೆಯಲು ಇದು ಸಾಕು.

ಐದು ದಿನದ ಜಿಲ್ಲಾ ಮುನ್ಸೂಚನೆ ಔಷಧಿ ಹೊಡೆಯಲು, ಗೊಬ್ಬರ ಹಾಕಲು, ಕೊಯ್ಲಿಗೆ ಆಳು ಹೇಳಲು. ಇದರ ಜೊತೆ ‘ಮೇಘದೂತ್’ ಆ್ಯಪ್ ಇಟ್ಟುಕೊಳ್ಳಿ. ಅದರಲ್ಲಿ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ನಿಮ್ಮ ಜಿಲ್ಲೆಗೆ ಕೃಷಿ ಸಲಹೆ ಬರುತ್ತೆ, ಕನ್ನಡದಲ್ಲೂ ಇದೆ. ಕೆಲವು ಸಲ ‘ಲಘು ನೀರಾವರಿ ಒದಗಿಸಿ’ ಅಂತ ಇರುತ್ತೆ. ನೀರಿದ್ದರೆ ಒದಗಿಸುತ್ತಿರಲಿಲ್ವಾ ಅಂತ ಸಿಟ್ಟು ಬರುತ್ತೆ, ನಿಜ. ಆದರೂ ಗಾಳಿಯ ವೇಗ, ತೇವಾಂಶ, ಉಷ್ಣಾಂಶದ ಅಂಕಿಗಳು ಉಪಯೋಗಕ್ಕೆ ಬರುತ್ತವೆ.

ಆರನೇ ದಿನದಿಂದ ಮೇಲೆ ಫೋನ್ ತೋರಿಸುವ ಹನಿಯ ಚಿತ್ರವನ್ನು ನಾನು ಈಗ ನೋಡುವುದೇ ಇಲ್ಲ. ಬೇಸಿಗೆಯ ಗುಡುಗು ಮಳೆ ಮಧ್ಯಾಹ್ನ ಎದ್ದು ಸಂಜೆ ಮುಗಿಯುವ ಮಳೆ. ಒಂದು ಊರಿನ ಕೆರೆ ಏರಿ ನೆನೆದರೆ ಪಕ್ಕದ ಊರಿನ ಧೂಳೂ ಅಡಗಿರಲ್ಲ. ಅಂಥದ್ದನ್ನು ಹತ್ತು ದಿನ ಮುಂಚೆ, ಇಂಥ ಊರು ಇಂಥ ದಿನ ಅಂತ ಹೇಳಲು ಯಾವ ಕಂಪ್ಯೂಟರ್‌ಗೂ ಆಗಲ್ಲ. 2025ರ ಮೇ ತಿಂಗಳಲ್ಲಿ ಶುರುವಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ದೇಶವನ್ನು 6 ಕಿ.ಮೀ. ಚೌಕಗಳಾಗಿ ನೋಡುತ್ತೆ, ಮುಂಚೆ 12 ಕಿ.ಮೀ. ಇತ್ತು. ಒಳ್ಳೆಯದೇ. ಆದರೂ ನಿಮ್ಮ ತೋಟ ಆ ಒಂದು ಚೌಕದೊಳಗೆ ಒಂದು ಚುಕ್ಕಿ.

ನಾಲ್ಕು ವಾರದ ಮುನ್ಸೂಚನೆಯನ್ನು ಇಲಾಖೆ ಪ್ರತಿ ಗುರುವಾರ ಕೊಡುತ್ತದೆ. ಇಲ್ಲಿ ದಿನ ಇಲ್ಲ, ವಾರ ಮಾತ್ರ. ‘ಎರಡನೇ ವಾರ ದಕ್ಷಿಣ ಒಳನಾಡಿನಲ್ಲಿ ವಾಡಿಕೆಗಿಂತ ಕಡಿಮೆ’ ಅನ್ನುವಂಥ ಮಾತು. ಟ್ಯಾಂಕರ್ ಹೇಳುವುದು, ಯಾವ ಗಿಡ ಉಳಿಸಿಕೊಳ್ಳುವುದು, ಯಾವುದನ್ನು ಬಿಡುವುದು ಅನ್ನುವ ತೀರ್ಮಾನಕ್ಕೆ ಇದೇ ಸರಿ. ಆ ಏಪ್ರಿಲ್‌ನಲ್ಲಿ ನಾನು ನೋಡಬೇಕಾಗಿದ್ದು ಇದನ್ನ.

ಇನ್ನು ಮಾರ್ಚ್‌ನಿಂದ ಮೇವರೆಗಿನ ಬೇಸಿಗೆ ಮುನ್ನೋಟ, ಫೆಬ್ರವರಿ ಕೊನೆಯ ಹೊತ್ತಿಗೆ ಬರುತ್ತೆ. ಅದರ ಬಣ್ಣದ ನಕ್ಷೆ ಪತ್ರಿಕೆಯಲ್ಲೂ ಬರುತ್ತೆ. ಆ ನಕ್ಷೆಯ ಬಣ್ಣ ಎಷ್ಟು ಮಳೆ, ಎಷ್ಟು ಸೆಕೆ ಅಂತ ಹೇಳುತ್ತಿಲ್ಲ, ಎಷ್ಟು ಸಾಧ್ಯತೆ ಅಂತ ಹೇಳುತ್ತಿದೆ. ಹಳೆಯ ವರ್ಷಗಳನ್ನೆಲ್ಲ ಕಡಿಮೆ, ವಾಡಿಕೆ, ಜಾಸ್ತಿ ಅಂತ ಮೂರು ಸಮ ಗುಂಪು ಮಾಡಿದರೆ ಸುಮ್ನೆ ಕಣ್ಣುಮುಚ್ಚಿ ಹೇಳಿದರೂ ಪ್ರತಿಯೊಂದಕ್ಕೂ ಶೇ 33 ಸಾಧ್ಯತೆ ಇರುತ್ತೆ. ನಿಮ್ಮ ಜಿಲ್ಲೆಯ ಮೇಲೆ ‘ವಾಡಿಕೆಗಿಂತ ಜಾಸ್ತಿ, ಶೇ 40’ ಅಂತ ಇದ್ದರೆ ಅದು ಆ ಶೇ 33ಕ್ಕಿಂತ ಒಂದಿಷ್ಟು ಮೇಲೆ, ಅಷ್ಟೇ. ಮಳೆ ಬಂದೇ ಬರುತ್ತೆ ಅಂತ ಸಾಲ ಮಾಡಿ ಬಾಳೆ ನೆಡುವಷ್ಟು ಭರವಸೆ ಅದರಲ್ಲಿಲ್ಲ.

ವಾಕ್ಯವನ್ನು ಬಿಡಿಸಿ ಓದಿ

ಬೆಂಗಳೂರಿನ ಹವಾಮಾನ ಕೇಂದ್ರದ ದಿನದ ವರದಿಯಲ್ಲಿ ಬರುವಂಥ ಒಂದು ಸಾಲು ತೆಗೆದುಕೊಳ್ಳೋಣ: ‘ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಹಗುರ ಮಳೆಯಾಗುವ ಸಾಧ್ಯತೆ ಇದೆ.’ ಇದರಲ್ಲಿ ಎರಡು ಮಾತಿಗೆ ಅಳತೆ ಇದೆ.

‘ಒಂದೆರಡು ಕಡೆ’ ಅಂದರೆ ಆ ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ. ‘ಕೆಲವು ಕಡೆ’ ಅಂದರೆ ಶೇ 26ರಿಂದ 50. ‘ಹಲವು ಕಡೆ’ ಅಂದರೆ ಶೇ 51ರಿಂದ 75. ಅದಕ್ಕೂ ಮೇಲಾದರೆ ‘ಬಹುತೇಕ ಎಲ್ಲ ಕಡೆ’. ಬರದ ಬೇಸಿಗೆಯಲ್ಲಿ ನಿಮಗೆ ಜಾಸ್ತಿ ಕಾಣುವುದು ಮೊದಲನೆಯದೇ. ಅಂದರೆ ನಾಲ್ಕು ಊರಿನಲ್ಲಿ ಮೂರಕ್ಕೆ ಮಳೆ ಇಲ್ಲ ಅಂತಲೇ ಓದಿಕೊಳ್ಳಬೇಕು. ‘ಮಳೆ ಅಂದ್ರು, ಬರಲಿಲ್ಲ’ ಅಂತ ನಾವು ಬೈಯುವ ದಿನಗಳಲ್ಲಿ ಎಷ್ಟೋ ಸಲ ಮುನ್ಸೂಚನೆ ಸರಿಯಾಗೇ ಇರುತ್ತೆ. ನಾವು ಆ ಮೂರು ಊರಿನವರು.

‘ಹಗುರ ಮಳೆ’ಗೂ ಲೆಕ್ಕ ಇದೆ. ಬೆಳಿಗ್ಗೆ ಎಂಟೂವರೆಯಿಂದ ಮಾರನೇ ಬೆಳಿಗ್ಗೆ ಎಂಟೂವರೆವರೆಗೆ 2.5ರಿಂದ 15.5 ಮಿ.ಮೀ. ಬಿದ್ದರೆ ಹಗುರ. 15.6ರಿಂದ 64.4 ಸಾಧಾರಣ. 64.5 ದಾಟಿದರೆ ಭಾರೀ, 115.6ರಿಂದ ಅತಿ ಭಾರೀ. 2.5 ಮಿ.ಮೀ.ಗಿಂತ ಕಡಿಮೆ ಬಿದ್ದರೆ ಆ ದಿನವನ್ನು ಮಳೆ ದಿನ ಅಂತಲೇ ಎಣಿಸುವುದಿಲ್ಲ. ಒಂದು ಮಾತು ನೆನಪಿಡಿ: ನಿನ್ನೆ ಸಂಜೆಯ ಮಳೆ ಇವತ್ತಿನ ತಾರೀಕಿನ ಲೆಕ್ಕಕ್ಕೆ ಬರುತ್ತೆ. ಪತ್ರಿಕೆಯ ಅಂಕಿ ನಿಮ್ಮ ನೆನಪಿಗೆ ತಾಳೆ ಆಗದಿದ್ದರೆ ಕಾರಣ ಇದೇ ಇರಬಹುದು.

ಬಣ್ಣಗಳು ಗೊತ್ತೇ ಇವೆ. ಹಸಿರು ಅಂದರೆ ಎಚ್ಚರಿಕೆ ಏನೂ ಇಲ್ಲ, ಹಳದಿ ಗಮನಿಸುತ್ತಿರಿ, ಕಿತ್ತಳೆ ಸಿದ್ಧರಾಗಿರಿ, ಕೆಂಪು ಕ್ರಮ ತೆಗೆದುಕೊಳ್ಳಿ. ಈ ಬಣ್ಣ ಅಪಾಯದ ಬಗ್ಗೆ. ಹಸಿರು ಬಣ್ಣ ಇದ್ದ ದಿನವೂ ಮಳೆ ಬರಬಹುದು. ಹಳದಿ ಇದ್ದ ದಿನ ಬರೀ ಗಾಳಿ ಗುಡುಗು ಆಗಿ, ನಾಲ್ಕು ತೆಂಗಿನ ಗರಿ ಬಿದ್ದು, ನೆಲ ಒಣಗಿಯೇ ಇರಬಹುದು.

ವರದಿಯಲ್ಲಿ ಇನ್ನೊಂದು ಸಾಲನ್ನು ಬಹಳ ಜನ ಓದದೆ ದಾಟುತ್ತಾರೆ: ‘ದ್ರೋಣಿ’ ಅಥವಾ ‘ಟ್ರಫ್’ ಎಲ್ಲಿದೆ ಅನ್ನುವುದು. ಬೇಸಿಗೆಯಲ್ಲಿ ವಿದರ್ಭ, ಮರಾಠವಾಡ ಕಡೆಯಿಂದ ನಮ್ಮ ಒಳನಾಡಿನ ಮೇಲೆ ಹಾದು ಕೇರಳ, ತಮಿಳುನಾಡಿನ ಕಡೆಗೆ ಇಂಥ ಒಂದು ಗೆರೆ ಆಗಾಗ ಮೂಡುತ್ತೆ. ಎರಡು ಕಡೆಯ ಗಾಳಿ ಅಲ್ಲಿ ಸೇರುತ್ತೆ. ಸಮುದ್ರದ ಕಡೆಯಿಂದ ಬಂದ ತೇವ ಅಲ್ಲಿ ಮೇಲೇರಿ, ಮಧ್ಯಾಹ್ನದ ಕಾವಿಗೆ ಮೋಡವಾಗಿ ಎದ್ದು ನಿಲ್ಲುತ್ತೆ. ಆ ಗೆರೆ ನಮ್ಮ ಮೇಲೆ ಇದ್ದು, ಬೆಳಿಗ್ಗೆಯೇ ಮೈ ಅಂಟಂಟಾಗುತ್ತಿದ್ದರೆ ನಾನು ಆಕಾಶ ನೋಡುತ್ತೇನೆ. ಗೆರೆಯ ಸುದ್ದಿಯೇ ಇಲ್ಲದೆ ‘ಒಣ ಹವೆ’ ಅಂತ ಇದ್ದರೆ ಪಂಪ್ ನೋಡುತ್ತೇನೆ.

ಶೇಕಡಾ ಕಂಡರೆ ಮಿಲಿಮೀಟರ್ ಕೇಳಿ

‘ಮಾರ್ಚ್‌ನಲ್ಲಿ ವಾಡಿಕೆಗಿಂತ ಶೇ 100ರಷ್ಟು ಹೆಚ್ಚು ಮಳೆ’ ಅಂತ ತಲೆಬರಹ ನೋಡಿದಾಗ ಖುಷಿಪಡುವ ಮುಂಚೆ ಒಂದು ಪ್ರಶ್ನೆ ಕೇಳಿ. ವಾಡಿಕೆ ಎಷ್ಟು? ವಾಡಿಕೆಯೇ 6 ಮಿ.ಮೀ. ಇರುವ ಕಡೆ 12 ಬಿದ್ದರೆ ಶೇ 100 ಹೆಚ್ಚು. ಆ 12 ಮಿ.ಮೀ. ಬಯಲುಸೀಮೆಯ ಬಿರುಬಿಸಿಲಿಗೆ ಎರಡು ದಿನದಲ್ಲಿ ಆವಿಯಾಗಿ ಹೋಗುತ್ತೆ.

ಹಾಗೆಯೇ ಇಲಾಖೆಯ ಪಟ್ಟಿಯಲ್ಲಿ ‘ವಾಡಿಕೆ’ ಅನ್ನುವ ಹಸಿರು ಬಣ್ಣ ಶೇ 19 ಕಡಿಮೆಯಿಂದ ಶೇ 19 ಜಾಸ್ತಿವರೆಗೂ ಸಿಗುತ್ತೆ. ಶೇ 20ರಿಂದ 59 ಕಡಿಮೆಯಾದರೆ ‘ಕೊರತೆ’, ಕೊರತೆ ಶೇ 60 ಅಥವಾ ಅದಕ್ಕಿಂತ ಜಾಸ್ತಿಯಾದರೆ ‘ತೀವ್ರ ಕೊರತೆ’. ಪೂರಾ ಮೂರು ತಿಂಗಳಿಗೆ, ಮಾರ್ಚ್ 1ರಿಂದ ಮೇ 31ರವರೆಗೆ, ಕರ್ನಾಟಕದ ವಾಡಿಕೆ ಸುಮಾರು 115 ಮಿ.ಮೀ. ಅದರಲ್ಲಿ ದೊಡ್ಡ ಪಾಲು ಮೇ ತಿಂಗಳದ್ದು. 2025ರಲ್ಲಿ ಅದೇ ಮೂರು ತಿಂಗಳಲ್ಲಿ 286 ಮಿ.ಮೀ. ಬಿತ್ತು. ಹಿಂದಿನ ವರ್ಷ ಸಸಿ ಒಣಗಿಸಿಕೊಂಡ ನಾನೇ ಆ ವರ್ಷ ಕಾಲುವೆ ಬಿಡಿಸಲು ಗುದ್ದಲಿ ಹಿಡಿದಿದ್ದೆ.

ಮನೆಯಲ್ಲೇ ಮಳೆ ಅಳೆಯಿರಿ

ಇದಕ್ಕೆ ದುಡ್ಡು ಬೇಡ. ಬಾಯಿಂದ ತಳದವರೆಗೆ ಒಂದೇ ಅಗಲ ಇರುವ ಸ್ಟೀಲ್ ಡಬ್ಬಿ ಸಾಕು. ಸೊಟ್ಟ ಡಬ್ಬಿ, ಕೆಳಗೆ ಕಿರಿದಾದ ಬಕೆಟ್, ಲೋಟ ಆಗಲ್ಲ. ಮರದಿಂದ, ಗೋಡೆಯಿಂದ ದೂರ, ಬಯಲಲ್ಲಿ ಒಂದು ಕಲ್ಲಿನ ಮೇಲೆ ಇಡಿ. ಗಾಳಿಗೆ ಬೀಳದಂತೆ ಸುತ್ತ ಮೂರು ಇಟ್ಟಿಗೆ ಒತ್ತಿ. ಮಾರನೇ ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಇಳಿಸಿ ನೋಡಿ. ನೀರು ಎಷ್ಟು ಮಿಲಿಮೀಟರ್ ಎತ್ತರ ಇದೆಯೋ ಅಷ್ಟೇ ಮಿಲಿಮೀಟರ್ ಮಳೆ. ಮಕ್ಕಳ ಸ್ಕೇಲಿನ ತುದಿಗೂ ಸೊನ್ನೆಯ ಗೆರೆಗೂ ನಡುವೆ ಸ್ವಲ್ಪ ಜಾಗ ಬಿಟ್ಟಿರುತ್ತಾರೆ, ಅದನ್ನು ಉಜ್ಜಿ ತೆಗೆಯಿರಿ ಅಥವಾ ಲೆಕ್ಕಕ್ಕೆ ಕೂಡಿಸಿ. ಮೊದಲ ತಿಂಗಳೆಲ್ಲ ನಾನು ಪ್ರತಿ ಮಳೆಯನ್ನೂ ನಾಲ್ಕು ಮಿ.ಮೀ. ಕಡಿಮೆ ಬರೆದುಕೊಂಡಿದ್ದೆ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ಬೆಳೆಗಾರರಿಗೆ ಇದು ಹೇಳಿಕೊಡಬೇಕಿಲ್ಲ. ಅಲ್ಲಿ ಮನೆಮನೆಯಲ್ಲೂ ಮಳೆಮಾಪಕ, ಬರೆದಿಡುವ ಪುಸ್ತಕ. ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. ‘ನಿಮ್ಮಲ್ಲಿ ಎಷ್ಟು ಬಂತು?’ ‘ಎಂಬತ್ತು ಸೆಂಟು.’ ಹೂಮಳೆ ಒಂದು ಇಂಚಿನ ಹತ್ತಿರ ಬಂದರೆ ಮೊಗ್ಗು ಬಿಚ್ಚುತ್ತೆ, ಹದಿನೈದು ಇಪ್ಪತ್ತು ದಿನದಲ್ಲಿ ಹಿಂದೆಯೇ ಇನ್ನೊಂದು ಮಳೆ ಬೇಕು. ಮೊದಲನೆಯದು ಅರ್ಧಂಬರ್ಧ ಬಂದು ನಿಂತರೆ ಮಳೆಯೇ ಬಾರದೆ ಇದ್ದದ್ದಕ್ಕಿಂತ ಕಷ್ಟ. ಹಾಗಾಗಿ ಅವರಿಗೆ ‘ಮಳೆ ಬಂತಾ’ ಅನ್ನುವುದಕ್ಕಿಂತ ‘ಎಷ್ಟು’ ಅನ್ನುವುದು ದೊಡ್ಡ ಪ್ರಶ್ನೆ. ಬಯಲುಸೀಮೆಯವರು ಈ ಅಭ್ಯಾಸ ಕಲಿತುಕೊಂಡರೆ ಒಳ್ಳೆಯದು.

ಈಗ ಮಿಲಿಮೀಟರನ್ನು ಲೀಟರ್ ಮಾಡೋಣ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಒಂದು ಎಕರೆಗೆ ಸುಮಾರು 4,050 ಲೀಟರ್. ಅಂದರೆ 10 ಮಿ.ಮೀ. ಮಳೆ ಎಕರೆಗೆ ನಲವತ್ತು ಸಾವಿರ ಲೀಟರ್ ಸುರಿದಂತೆ. ಬೆಳೆದ ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎಕರೆಗೆ 550 ಮರ ಅಂತ ಇಟ್ಟುಕೊಂಡರೆ ದಿನಕ್ಕೆ ಹತ್ತು ಸಾವಿರ ಲೀಟರ್. ಕಾಗದದ ಮೇಲೆ 10 ಮಿ.ಮೀ. ಮಳೆಗೆ ನಾಲ್ಕು ದಿನ ಡ್ರಿಪ್ ನಿಲ್ಲಿಸಬಹುದು. ಆದರೆ ಮಳೆ ಬುಡಕ್ಕೆ ಮಾತ್ರ ಬೀಳಲ್ಲ, ಸಾಲಿನ ಮಧ್ಯೆಯೂ ಬೀಳುತ್ತೆ. ಮೇಲ್ಮಣ್ಣು ನೆನೆದದ್ದು ಬೇಗ ಆರುತ್ತೆ. ನಾನು ಎರಡು ದಿನ ಮಾತ್ರ ನಿಲ್ಲಿಸುತ್ತೇನೆ. ಬುಡಕ್ಕೆ ಗರಿ, ಸೋಗೆ, ಅಡಿಕೆ ಸಿಪ್ಪೆ ಮುಚ್ಚಿದ ಸಾಲುಗಳಲ್ಲಿ ಮೂರು ದಿನ.

ಊರಲ್ಲಿ ಇರುವವರಿಗೆ: ಮೂವತ್ತು ನಲವತ್ತರ ಸೈಟಿನ ಪೂರಾ ತಾರಸಿ 1,200 ಚದರ ಅಡಿ, ಅಂದರೆ 111 ಚದರ ಮೀಟರ್. 20 ಮಿ.ಮೀ. ಮಳೆಗೆ 2,200 ಲೀಟರ್. ಸೋರಿದ್ದು ಚೆಲ್ಲಿದ್ದು ಕಳೆದು ಶೇ 80 ಸಿಕ್ಕರೂ 1,700 ಲೀಟರ್ ಮೇಲಾಯಿತು. ಮೊದಲ ಹತ್ತು ನಿಮಿಷದ ನೀರು ಹೊರಗೆ ಬಿಡಿ, ತಿಂಗಳುಗಟ್ಟಲೆ ಕೂತ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಅದರಲ್ಲೇ ಬರುತ್ತೆ. ತಾರಸಿಯ ಕೊಳವೆಯ ಬಾಯಿ ಮಾರ್ಚ್‌ನಲ್ಲೇ ತೊಳೆದಿಡಿ. ಗುಡುಗು ಕೇಳಿದ ಮೇಲೆ ಏಣಿ ಹತ್ತುವುದು ಬೇಡ.

ನೀರಿನ ಲೆಕ್ಕವನ್ನು ಜೂನ್ 1ಕ್ಕೆ ನಿಲ್ಲಿಸಬೇಡಿ

ಎಲ್ಲರ ಬಾಯಲ್ಲೂ ಜೂನ್ 1. ಅದು ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ. 2023ರಲ್ಲಿ ಅದು ಮುಟ್ಟಿದ್ದು ಜೂನ್ 8ಕ್ಕೆ. 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ. ಕೇರಳ ಮುಟ್ಟಿದ ಮಳೆ ನಮ್ಮ ಬಯಲುಸೀಮೆಗೆ ಬರಲು ಇನ್ನೂ ಕೆಲವು ದಿನ. ಬಂದ ಮೊದಲ ಮಳೆಗೆ ಬೋರ್‌ವೆಲ್ ತುಂಬಲ್ಲ, ಕೆಆರ್‌ಎಸ್‌ಗೆ ನೀರೂ ಬರಲ್ಲ. ಕೆಆರ್‌ಎಸ್ ಏರಬೇಕಾದರೆ ಕೊಡಗಿನಲ್ಲಿ ನೆಲ ನೆನೆದು, ಕಾವೇರಿ ಕೆಂಪಾಗಬೇಕು.

ಆದ್ದರಿಂದ ನಾನು ಮಾರ್ಚ್ ಮೊದಲ ವಾರ ಒಂದು ಹಾಳೆಯ ಮೇಲೆ ಬರೆಯುತ್ತೇನೆ: ಇವತ್ತಿನಿಂದ ಜೂನ್ 30ರವರೆಗೆ ಎಷ್ಟು ದಿನ? ಸುಮಾರು 115. ದಿನಕ್ಕೆ ಎಷ್ಟು ನೀರು ಬೇಕು? ಬೋರ್ ಎಷ್ಟು ಕೊಡುತ್ತೆ? ಬೋರ್ ಎಷ್ಟು ಕೊಡುತ್ತೆ ಅನ್ನುವುದನ್ನು ಅಂದಾಜು ಮಾಡಬೇಡಿ. 200 ಲೀಟರ್ ಡ್ರಮ್ ಇಟ್ಟು ಎಷ್ಟು ನಿಮಿಷಕ್ಕೆ ತುಂಬಿತು ನೋಡಿ. ಗಾಳಿ ಬರುವ ಮುಂಚೆ ಎಷ್ಟು ನಿಮಿಷ ಓಡಿತು ಬರೆದುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಮತ್ತೆ ಮಾಡಿ. ಮಾರ್ಚ್‌ನ ನಲವತ್ತು ನಿಮಿಷ ಏಪ್ರಿಲ್‌ಗೆ ಇಪ್ಪತ್ತೈದಾದರೆ ಮೇ ತಿಂಗಳು ಹೇಗಿರುತ್ತೆ ಅಂತ ಯಾರೂ ಹೇಳಬೇಕಿಲ್ಲ. ನೀರಿಲ್ಲದೆ ಪಂಪ್ ಓಡಿದರೆ ತಾನೇ ನಿಲ್ಲಿಸುವ ಸಾಧನ ಸ್ಟಾರ್ಟರ್‌ಗೆ ಹಾಕಿಸಿ. ಸುಟ್ಟ ಮೋಟಾರ್ ಎತ್ತಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಈ ಲೆಕ್ಕದಲ್ಲಿ ಬೇಸಿಗೆ ಮಳೆಯನ್ನು ಸೊನ್ನೆ ಅಂತ ಹಿಡಿಯಿರಿ. ಬಂದರೆ ಲಾಭ. ಕೊರತೆ ಕಂಡರೆ ಟ್ಯಾಂಕರ್‌ಗೆ ಮಾರ್ಚ್‌ನಲ್ಲೇ ಮಾತಾಡಿ, ಏಪ್ರಿಲ್ ಕೊನೆಗೆ ಎಲ್ಲರೂ ಅವನನ್ನೇ ಹುಡುಕುತ್ತಿರುತ್ತಾರೆ. 2024ರಲ್ಲಿ ಬೆಂಗಳೂರಿನಲ್ಲಿ ಸುಮಾರು 14 ಸಾವಿರ ಸರಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಅಂತ ಸರಕಾರವೇ ಹೇಳಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಅಷ್ಟು ಹೊತ್ತಿಗೆ ಲೆಕ್ಕ ಹಾಕಲು ಕೂತರೆ ತಡ.

ಜಲಾಶಯದ ಸುದ್ದಿ ಓದುವಾಗ ಒಂದು ಚಿಕ್ಕ ಎಚ್ಚರ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಆಗ ಅದರಲ್ಲಿರುವ ನೀರು 49.45 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಈಗ 90 ಅಡಿ ಇದೆ ಅಂದರೆ ಮುಕ್ಕಾಲು ಭಾಗ ಇದೆ ಅಂತ ಅನ್ನಿಸುತ್ತೆ. ಜಲಾಶಯ ಮೇಲೆ ಅಗಲ, ಕೆಳಗೆ ಕಿರಿದು. ಅಡಿ ಇಳಿದದ್ದಕ್ಕಿಂತ ನೀರು ಬಹಳ ಜಾಸ್ತಿ ಇಳಿದಿರುತ್ತೆ. ತಳದ ನೀರು ಬಳಕೆಗೂ ಸಿಗಲ್ಲ. ಯಾವಾಗಲೂ ಟಿಎಂಸಿ ನೋಡಿ.

ಏಪ್ರಿಲ್‌ನ ದೊಡ್ಡ ಅಂಕಿ

ಏಪ್ರಿಲ್ ಮಧ್ಯದಲ್ಲಿ ಇಲಾಖೆ ಮುಂಗಾರಿನ ಮುನ್ಸೂಚನೆ ಕೊಡುತ್ತೆ. ಬರದಲ್ಲಿ ಬೇಯುತ್ತಿರುವವರಿಗೆ ಅದೊಂದು ಹಬ್ಬ. ಆ ಅಂಕಿ ಇಡೀ ದೇಶದ, ನಾಲ್ಕು ತಿಂಗಳ ಒಟ್ಟು ಮಳೆಗೆ. ದೀರ್ಘಾವಧಿ ಸರಾಸರಿ 87 ಸೆಂ.ಮೀ.ಗೆ ಹೋಲಿಸಿ ಹೇಳುವುದು.

2023ರ ಏಪ್ರಿಲ್‌ನಲ್ಲಿ ಹೇಳಿದ್ದು ಶೇ 96, ವಾಡಿಕೆ ಮಳೆ ಅಂತ. ಬಂದಿದ್ದು ಶೇ 94. ಎರಡೇ ಎರಡು ಕಡಿಮೆ. ಮುನ್ಸೂಚನೆಯಲ್ಲಿ ಶೇ 5 ಹೆಚ್ಚು ಕಡಿಮೆ ಆಗಬಹುದು ಅಂತ ಮೊದಲೇ ಹೇಳಿದ್ದರು, ಆ ಲೆಕ್ಕಕ್ಕೆ ಅದು ಪಾಸು. ನಮ್ಮಲ್ಲಿ ಆಗಿದ್ದೇನು? ಎಲ್ ನಿನೊ ಎದ್ದಿತ್ತು, ಅಂದರೆ ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗಿ ನಮ್ಮ ಮುಂಗಾರನ್ನು ಎಷ್ಟೋ ಸಲ ಸೊರಗಿಸುವ ಸ್ಥಿತಿ. ಆಗಸ್ಟ್ ತಿಂಗಳು ದೇಶಕ್ಕೆ 1901ರಿಂದ ಈಚೆಗಿನ ಅತಿ ಒಣ ಆಗಸ್ಟ್ ಆಯಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಬೇಕಾಯಿತು. ದೇಶದ ಅಂಕಿ ಪಾಸಾದ ವರ್ಷವೇ ನಮ್ಮ ರಾಗಿ ಹೊಲದಲ್ಲೇ ಬಾಡಿತು. ಮರುವರ್ಷ ಶೇ 106 ಅಂದರು, 108ರ ಹತ್ತಿರ ಬಂತು.

ಹಾಗಾಗಿ ಆ ಅಂಕಿ ಓದಿ, ಪಕ್ಕದ ನಕ್ಷೆಯಲ್ಲಿ ದಕ್ಷಿಣ ಭಾರತ ಯಾವ ಬಣ್ಣದಲ್ಲಿದೆ ನೋಡಿ, ಮೇ ಕೊನೆಯ ಪರಿಷ್ಕೃತ ಮುನ್ಸೂಚನೆಗೆ ಕಾಯಿರಿ. ಬೀಜ ಕೊಳ್ಳುವ ಮುಂಚೆ ಗುರುವಾರದ ನಾಲ್ಕು ವಾರದ ಮುನ್ಸೂಚನೆ ನೋಡಿ. ಹೆಸರು, ಅಲಸಂದೆ, ಎಳ್ಳು ಹಾಕುವವರು ಒಂದು ಹದ ಮಳೆಗೇ ಬಿತ್ತಿಬಿಡುತ್ತಾರೆ. ಮೊಳಕೆ ಬಂದ ಮೇಲೆ ಮೂರು ವಾರ ಒಣಗಿದರೆ ಬೀಜವೂ ಹೋಯಿತು, ಹದವೂ ಹೋಯಿತು. ಗುದ್ದಲಿಯಲ್ಲಿ ಅಗೆದು ಒಂದು ಗೇಣು ಆಳ ಹಸಿ ಇದೆಯಾ ನೋಡಿ, ಆಮೇಲೆ ಬಿತ್ತನೆ.

ಬಿಸಿಲಿನ ಎಚ್ಚರಿಕೆ

ಬಯಲಿನಲ್ಲಿ 40 ಡಿಗ್ರಿ, ಕರಾವಳಿಯಲ್ಲಿ 37 ಮುಟ್ಟಿ, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಅಥವಾ ಇನ್ನೂ ಜಾಸ್ತಿ ಇದ್ದರೆ ಬಿಸಿಗಾಳಿಯ ಮಾತು ಬರುತ್ತೆ. ಕರಾವಳಿಯವರು ‘ನಮ್ಮಲ್ಲಿ ರಾಯಚೂರಿನಷ್ಟಿಲ್ಲ’ ಅಂತ ಸುಮ್ಮನಿರಬಾರದು, ಆ ತೇವಕ್ಕೆ ಬೆವರು ಆರುವುದೇ ಇಲ್ಲ. ಕಲಬುರಗಿ ವಿಭಾಗದಲ್ಲಿ, ವಿಜಯಪುರ ಬಾಗಲಕೋಟೆಯಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಸರಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಒಂದೂವರೆವರೆಗೆ ಕೆಲಸ ಮಾಡುತ್ತವೆ. ತೋಟದ ಕೆಲಸಕ್ಕೂ ಅದೇ ಹೊತ್ತು ಇಟ್ಟುಕೊಳ್ಳಿ. ಕನಿಷ್ಠ ಉಷ್ಣಾಂಶವನ್ನೂ ಓದಿ: ರಾತ್ರಿಯೂ ತಣಿಯದಿದ್ದರೆ ಮೂರನೇ ದಿನಕ್ಕೆ ದೇಹ ಸೋಲುತ್ತೆ, ವಯಸ್ಸಾದವರದ್ದು ಮೊದಲು.

ಮೊದಲ ಮಳೆಯ ಸಿಡಿಲು

ತಿಂಗಳುಗಟ್ಟಲೆ ಕಾದ ಮೇಲೆ ಮೊದಲ ಹನಿ ಬಿದ್ದಾಗ ಹೊರಗೆ ನಿಂತು ನೆನೆಯುವ ಆಸೆ ಯಾರಿಗಿಲ್ಲ? ಬೇಸಿಗೆಯ ಮಳೆ ಗುಡುಗು ಸಿಡಿಲಿನ ಜೊತೆಯೇ ಬರುತ್ತೆ. ಮಳೆ ಬಂತು ಅಂತ ಕುರಿ ಕಾಯುವವರು ಮರದ ಕೆಳಗೆ ನಿಲ್ಲುತ್ತಾರೆ, ಸಿಡಿಲಿನ ಎಷ್ಟೋ ಸಾವುಗಳು ಆಗುವುದು ಹಾಗೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಆ್ಯಪ್ ಹಾಕಿಕೊಳ್ಳಿ, ನೀವಿರುವ ಜಾಗದ ಸುತ್ತ 20, 40 ಕಿ.ಮೀ.ಯೊಳಗೆ ಸಿಡಿಲು ಬಿದ್ದರೆ ತೋರಿಸುತ್ತೆ. ಗುಡುಗು ಕೇಳಿಸಿತು ಅಂದರೆ ಪಕ್ಕಾ ಸೂರಿನ ಕೆಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಅಲ್ಲೇ ಇರಿ. ಪಂಪ್ ಸ್ಟಾರ್ಟರ್ ಮುಟ್ಟಬೇಡಿ.

ಅಪ್ಪನ ಪಂಚಾಂಗ

ನಮ್ಮ ಮನೆಯಲ್ಲಿ ಇಷ್ಟೆಲ್ಲ ಆ್ಯಪ್ ಇದ್ದರೂ ಗೋಡೆಯ ಮೇಲಿನ ಕ್ಯಾಲೆಂಡರ್‌ನಲ್ಲಿ ಅಪ್ಪ ಮಳೆ ನಕ್ಷತ್ರ ನೋಡುತ್ತಾರೆ. ಏಪ್ರಿಲ್ ಮಧ್ಯದಿಂದ ಅಶ್ವಿನಿ, ಆಮೇಲೆ ಭರಣಿ, ಮೇ ಎರಡನೇ ವಾರದಿಂದ ಕೃತ್ತಿಕೆ, ಕೊನೆಯಲ್ಲಿ ರೋಹಿಣಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅಂತ ಅವರ ಮಾತು. ನಾನು ವಾದ ಮಾಡುವುದಿಲ್ಲ. ಯಾವ ಹೊತ್ತಿಗೆ ಯಾವ ಕೆಲಸ ಅಂತ ನೂರಾರು ವರ್ಷ ನೋಡಿ ಹೇಳಿದ ಲೆಕ್ಕ ಅದು. ಈ ವರ್ಷ ಭರಣಿ ಬರುತ್ತಾ ಇಲ್ವಾ ಅನ್ನುವುದನ್ನು ಮಾತ್ರ ಕ್ಯಾಲೆಂಡರ್ ಹೇಳಲ್ಲ. ಅದಕ್ಕೆ ನನ್ನ ಗುರುವಾರದ ಮುನ್ಸೂಚನೆ.

ನಮ್ಮ ವಾರ ಈಗ ಹೀಗಿದೆ. ಗುರುವಾರ ರಾತ್ರಿ ನಾಲ್ಕು ವಾರದ್ದು ನೋಡಿ ನೀರಿನ ಹಾಳೆ ತಿದ್ದುತ್ತೇನೆ. ಮಂಗಳವಾರ, ಶುಕ್ರವಾರ ಮೇಘದೂತ್. ಬೆಳಿಗ್ಗೆ ಎಂಟೂವರೆಗೆ ಡಬ್ಬಿ. ಮೋಡ ಎದ್ದ ಮಧ್ಯಾಹ್ನ ದಾಮಿನಿ ಮತ್ತು ಮೂರು ಗಂಟೆಯದ್ದು. ಇಷ್ಟೇ, ದಿನಕ್ಕೆ ಐದು ನಿಮಿಷದ ಕೆಲಸ.

2024ರ ಮೇ ಮೊದಲ ವಾರ ಕೊನೆಗೂ ಒಂದು ಸಂಜೆ ಆಕಾಶ ಕಪ್ಪಾಯಿತು. ಗಾಳಿಗೆ ಎರಡು ಬಾಳೆ ಬಿದ್ದವು. ಮುಕ್ಕಾಲು ಗಂಟೆ ಮಳೆ. ಅಪ್ಪ ರಾತ್ರಿಯೇ ಟ್ರ್ಯಾಕ್ಟರ್‌ನವರಿಗೆ ಫೋನ್ ಮಾಡಿದರು, ‘ಹದ ಆಗಿದೆ, ನಾಳೆ ಬಾರಪ್ಪ.’ ಬೆಳಿಗ್ಗೆ ನಾನು ಡಬ್ಬಿಗೆ ಸ್ಕೇಲ್ ಇಳಿಸಿದೆ. ಒಂಬತ್ತು ಮಿಲಿಮೀಟರ್. ಹೊಲದಲ್ಲಿ ಅಗೆದರೆ ನಾಲ್ಕು ಬೆರಳಿಗೇ ಒಣ ಮಣ್ಣು. ಅಪ್ಪ ಕನ್ನಡಕ ಹಾಕಿಕೊಂಡು ಬಂದು ಸ್ಕೇಲನ್ನು ತಾವೇ ಮತ್ತೊಮ್ಮೆ ಇಳಿಸಿದರು. ಆಮೇಲೆ ಡಬ್ಬಿಯ ನೀರನ್ನು ಬಾಡಿದ ಒಂದು ಸಸಿಯ ಬುಡಕ್ಕೆ ಸುರಿದು, ಟ್ರ್ಯಾಕ್ಟರ್‌ನವರಿಗೆ ಫೋನ್ ಹಚ್ಚಿದರು: ‘ಇವತ್ತು ಬೇಡ ಕಣಪ್ಪ, ಇನ್ನೊಂದು ಬರಲಿ.’